ಚಾಕು ಬಿದ್ದ ಮೇಲೆ

ಶನಿವಾರ ನನ್ನ ಗಂಡನ ಶಾಲೆ ಅರ್ಧ ದಿನ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವರು ಅಂದು ಊಟಕ್ಕೆ ಬಿಸಿ ರೊಟ್ಟಿ ಸಿಗುತ್ತದೆಂಬ ಆಸೆಯಿಂದ ಎಲ್ಲಿಯೂ ನಿಲ್ಲದೆ ನೇರ ಮನೆಗೆ ಬರುತ್ತಾರೆ. ನಾನು ಹುಬ್ಬಳ್ಳಿ ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮುರಿದು ಕೂಡಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಿ ಮತ್ತೆ ಆಡುವಂತೆ ಮಾಡುವುದು ನನ್ನ ಕೆಲಸ. ಆ ಶನಿವಾರ ನನಗೆ ರಜೆಯಿತ್ತು. ಒಗೆದ ಬಟ್ಟೆಗಳನ್ನು ಎತ್ತಿಕೊಂಡು ಮಾಳಿಗೆ ಹತ್ತಿದ್ದೆ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಮಾಳಿಗೆ ಮೇಲಿನ ಎರಡು ಕೋಣೆಗಳನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಅವರು ಬರುವುದು ಹೋಗುವುದು ನಡೆದೇ ಇರುವುದರಿಂದ ನಮ್ಮ ಗೇಟಿಗೆ ಚಿಲಕ ಹಾಕುವ ರೂಢಿಯೇ ಇರಲಿಲ್ಲ. ಮುಂಬಾಗಿಲೂ ಹಗಲೆಲ್ಲ ತೆರೆದೇ ಇರುತ್ತಿತ್ತು. ಹುಡುಗಿಯರು ಅಂದು ಪರೀಕ್ಷೆಗೆ ಹೋಗಿದ್ದರು. ಕೆಳಗೆ ಅತ್ತೆ ಒಬ್ಬರೇ ಇದ್ದರು.

ಅತ್ತೆಯ ತವರು ಗರಗ. ಮದುವೆಗೆ ಮುಂಚೆ ಅಲ್ಲಿ ಖಾದಿ ನೂಲು ತೆಗೆಯುತ್ತಿದ್ದರಂತೆ. ಎಪ್ಪತ್ತು ದಾಟಿದರೂ ಅವರ ಕೈಗಳಲ್ಲಿ ಇನ್ನೂ ಕಸುವಿದೆ. ನಿಂತು ರೊಟ್ಟಿ ಮಾಡುವುದು ಅವರಿಗೆ ಒಗ್ಗುವುದಿಲ್ಲ. ಗ್ಯಾಸಿನ ಒಲೆಯನ್ನು ನೆಲಕ್ಕಿಳಿಸಿಕೊಂಡು, ಕೊಣಮಿಗೆ ಎಂದು ನಾವು ಕರೆಯುವ ಮರದ ಹರಿವಾಣವನ್ನು ಮುಂದಿಟ್ಟುಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕುಳಿತು ತಟ್ಟುತ್ತಾರೆ. ಕೆಳಗಿನಿಂದ ಬರುತ್ತಿದ್ದ ಆ ತಪತಪ ಸದ್ದು ಒಮ್ಮೆಲೇ ನಿಂತಿತು. ಬಟ್ಟೆ ಹಿಂಡುತ್ತಿದ್ದ ನನಗೆ ಅದು ಮೊದಲು ಲಕ್ಷ್ಯಕ್ಕೇ ಬರಲಿಲ್ಲ.

ಮುಂದಿನದನ್ನು ಅತ್ತೆಯೇ ಆಮೇಲೆ ಹೇಳಿದ್ದು. ಹಿಂದಿನಿಂದ ಯಾರೋ ಬಂದು ಕುತ್ತಿಗೆಗೆ ಚಾಕು ಹಿಡಿದ. "ಒದರಬ್ಯಾಡ್ರಿ. ಸರಾ ಕೊಡ್ರಿ" ಎಂದ. ಅತ್ತೆ ಸುಮ್ಮನೆ ಕುಳಿತರು. ಅವನೇ ಸರ ಎಳೆದ, ಅದು ಹರಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ತಪ್ಪಿಸಿಕೊಂಡು ಹೋಗುತ್ತಿದ್ದನೇನೋ. ಬಳೆಗಳಿಗೂ ಕೈ ಹಾಕಿದ. ಅವು ಹಿಟ್ಟಿನ ಕೈಯಿಂದ ಸಲೀಸಾಗಿ ಬರಲಿಲ್ಲ. ಜಗ್ಗಾಟದಲ್ಲಿ ಚಾಕು ಅತ್ತೆಯ ಎಡ ಮುಂಗೈಯನ್ನು ಉದ್ದಕ್ಕೆ ಸೀಳಿತು.

"ರಕ್ತ ಹಿಟ್ಟಿನಾಗ ಬಿತ್ತು. ಅದನ್ನ ನೋಡಿದ ಕೂಡಲೇ ನನಗ ಸಾಯತೇನಿ ಅನ್ನಿಸಿತು" ಎಂದು ಅತ್ತೆ ಹೇಳಿದರು. ಬಲಗೈಗೆ ಸಿಕ್ಕ ಒಣ ಹಿಟ್ಟನ್ನು ಮುಷ್ಟಿ ತುಂಬಿ ಅವನ ಕಣ್ಣಿಗೆ ಎರಚಿದರು. ಅವನು ಕಣ್ಣು ಮುಚ್ಚಿಕೊಂಡು ಕುರುಡನಂತೆ ಚಾಕು ಬೀಸತೊಡಗಿದ. ಅತ್ತೆ ಎರಡೂ ಕೈಯಿಂದ ಕೊಣಮಿಗೆ ಎತ್ತಿ ಅವನ ಮಣಿಕಟ್ಟಿನ ಮೇಲೆ ಹೊಡೆದರು. ಚಾಕು ಹಾರಿ ಕಪಾಟಿನ ಕೆಳಗೆ ಹೋಯಿತು. ಸರವೂ ಅಲ್ಲೇ ಬಿತ್ತು. ಆಗ ಅತ್ತೆ ಕೂಗಿಕೊಂಡರು. ಆ ಕೂಗು ಕೇಳಿ ನಾನು ಬಟ್ಟೆ ಬಿಟ್ಟು ಮೆಟ್ಟಿಲ ಕಡೆಗೆ ಓಡಿದೆ.

ನಮ್ಮ ಮೆಟ್ಟಿಲು ಮನೆಯ ಹೊರಗಿನಿಂದ ಅಂಗಳಕ್ಕೆ ಇಳಿಯುತ್ತದೆ. ನಡುಮೆಟ್ಟಿಲಿಗೆ ಬರುವಷ್ಟರಲ್ಲಿ ಕಂಡದ್ದು ಇದು: ಮುಖವೆಲ್ಲ ಬೆಳ್ಳಗಾದ ಒಬ್ಬ ತರುಣ ಚೌಕಟ್ಟಿಗೆ ಹಾಯ್ದುಕೊಂಡು ಹೊರಗೆ ಬಂದು, ಬಾಗಿಲ ಮುಂದಿನ ಪಾವಟಿಗೆಯಲ್ಲಿ ಹೆಜ್ಜೆ ತಪ್ಪಿ ಬೋರಲು ಬಿದ್ದ. ಹಿಂದೆಯೇ ಮೊಣಕೈತನಕ ರಕ್ತವಾಗಿದ್ದ ಅತ್ತೆ. ಮುಂದೆ, ಆಗತಾನೆ ಸ್ಕೂಟರ್ ಸ್ಟ್ಯಾಂಡಿಗೆ ಹಾಕಿದ ನನ್ನ ಗಂಡ.

ಅವರ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಶಾಲೆಯಲ್ಲಿ ಹುಡುಗರು ಗದ್ದಲ ಮಾಡಿದರೆ ಬೋರ್ಡಿನ ಕಡೆ ಮುಖ ಮಾಡಿ, ಗದ್ದಲ ಮುಗಿಯುವತನಕ ಸುಮ್ಮನೆ ನಿಲ್ಲುವ ಮಾಸ್ತರು. ನಮ್ಮ ಕಡೆ ಮಂಗಗಳ ಕಾಟ. ಅವುಗಳನ್ನು ಹೆದರಿಸಲು ಬಾಗಿಲ ಪಕ್ಕ ಒಂದು ಬಡಿಗೆ ಇಟ್ಟಿರುತ್ತೇವೆ. ಅದನ್ನು ಮಂಗಗಳ ಮೇಲೂ ಅವರು ಬೀಸಿದ್ದಿಲ್ಲ, ನೆಲಕ್ಕೆ ಬಡಿದು ಸದ್ದು ಮಾಡುತ್ತಾರೆ ಅಷ್ಟೆ. ಅಂದು ಅದೇ ಬಡಿಗೆಯನ್ನು ತೆಗೆದುಕೊಂಡರು.

ಅವನು ಏಳಲು ಹೊರಟಾಗ ಬೆನ್ನ ಮೇಲೆ ಮೊದಲ ಏಟು ಬಿತ್ತು. ಅವನು ಮತ್ತೆ ಕುಸಿದ. ಆಮೇಲೆ ಏಳುವ ಪ್ರಯತ್ನ ಮಾಡಲಿಲ್ಲ. ಮುದ್ದೆಯಾಗಿ ಮಲಗಿ, ಬಲಗೈಯನ್ನು ತಲೆಗೆ ಅಡ್ಡ ಹಿಡಿದು, "ಬ್ಯಾಡ್ರಿ ಸರ, ಹೊಡೀಬ್ಯಾಡ್ರಿ, ತಪ್ಪಾತ್ರಿ" ಎಂದು ಅಂಗಲಾಚತೊಡಗಿದ. ನನ್ನ ಗಂಡನಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಲಿಲ್ಲವೋ. ಬಡಿಗೆ ಮತ್ತೆ ಮತ್ತೆ ಆ ಎತ್ತಿದ ಕೈ ಮೇಲೆಯೇ ಬಿತ್ತು. ಮುರಿದ ಎಲುಬುಗಳ ನಡುವೆಯೇ ಬದುಕುವವಳು ನಾನು. ಎಲುಬು ಮುರಿಯುವ ಸದ್ದನ್ನು ಮಾತ್ರ ಅಂದು ಮೊದಲ ಸಲ ಕೇಳಿದೆ.

ನಾನು ಅಂಗಳ ಮುಟ್ಟುವ ಮೊದಲೇ ಅತ್ತೆ ಅವರಿಬ್ಬರ ನಡುವೆ ಬಂದು, ರಕ್ತದ ಕೈಯಿಂದಲೇ ಬಡಿಗೆಯನ್ನು ಹಿಡಿದುಕೊಂಡರು.

"ಬಿಡೋ! ಚಾಕು ಬಿದ್ದೈತಿ! ಒಳಗ ಬಿದ್ದೈತಿ! ಇನ್ನ ಯಾರನ್ನ ಹೊಡ್ಯಾಕತ್ತೀ?"

ನನ್ನ ಗಂಡ ತಾಯಿಯ ಮುಖವನ್ನು ಗುರುತು ಸಿಗದವರಂತೆ ನೋಡಿದರು. ಆಮೇಲೆ ಬಡಿಗೆ ಬಿಟ್ಟು ಪಾವಟಿಗೆಯ ಮೇಲೆ ಕುಳಿತುಬಿಟ್ಟರು.

ಅಷ್ಟರಲ್ಲಿ ಗೇಟಿನ ಬಳಿ ಓಣಿಯ ಗಂಡಸರು ಸೇರಿದ್ದರು. ಒಬ್ಬನ ಕೈಯಲ್ಲಿ ಹೆಲ್ಮೆಟ್, ಇನ್ನೊಬ್ಬನ ಕೈಯಲ್ಲಿ ಕ್ರಿಕೆಟ್ ಸ್ಟಂಪು. "ನೀವು ಒಳಗ ಹೋಗ್ರಿ ಅಮ್ಮಾರ, ಮುಂದಿಂದು ನಾವು ನೋಡ್ಕೋತೇವಿ" ಎಂದರು. ಅತ್ತೆ ಹೋಗಿ ಗೇಟು ಎಳೆದು, ಎಂದೂ ಹಾಕದ ಚಿಲಕ ಹಾಕಿದರು. "ನೋಡ್ಕೋಳೂದು ಏನೂ ಉಳದಿಲ್ಲ. ಪೊಲೀಸರಿಗೆ ಫೋನ್ ಮಾಡ್ರಿ, ಸಾಕು. ಒಳಗ ಯಾರೂ ಕಾಲಿಡಬ್ಯಾಡ್ರಿ."

ನಾನು ಅತ್ತೆಯ ಗಾಯಕ್ಕೆ ಬಟ್ಟೆ ಬಿಗಿದೆ. ಆಮೇಲೆ ಹಳೆಯ ವೃತ್ತಪತ್ರಿಕೆಗಳನ್ನು ಸುರುಳಿ ಮಾಡಿ ಅವನ ಕೈಗೆ ಆಧಾರವಾಗಿ ಕಟ್ಟಿದೆ. ಅತ್ತೆ ಒಂದು ತಂಬಿಗೆ ನೀರು ತಂದು ಅವನ ಕಣ್ಣು ತೊಳೆಸಿದರು. ಕಣ್ಣಿಂದ ಹಿಟ್ಟು ಹೋದ ಮೇಲೆ ನಾನು ಅವನ ಗುರುತು ಹಿಡಿದೆ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಲು ಬಂದಿದ್ದವನು. ನಮ್ಮ ನಲ್ಲಿಯಿಂದ ಕುಡಿಯಲು ನೀರು ಒಯ್ಯುತ್ತಿದ್ದ. ನಮ್ಮ ಬಾಗಿಲು ತೆರೆದಿರುತ್ತದೆ ಎಂಬುದೂ, ಅತ್ತೆ ಯಾವ ಹೊತ್ತಿಗೆ ರೊಟ್ಟಿಗೆ ಕೂರುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

ಪೊಲೀಸರು ಬಂದರು, ಆಂಬುಲೆನ್ಸ್ ಬಂತು. ಅತ್ತೆಯ ಕೈಗೆ ಹೊಲಿಗೆ ಬಿದ್ದವು. ಆಸ್ಪತ್ರೆಯ ಪಡಸಾಲೆಯಲ್ಲಿ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಒಬ್ಬರು ನಮ್ಮನ್ನು ಮಾತಾಡಿಸಿದರು. ಚಿಕ್ಕ ವಯಸ್ಸು, ಮೆಲುದನಿ. ಅತ್ತೆಗೆ ಮಂಪರು ಹತ್ತಿದ್ದರಿಂದ, ವಿವರವಾದ ಹೇಳಿಕೆಯನ್ನು ಮರುದಿನ ಮನೆಗೇ ಬಂದು ಬರೆದುಕೊಳ್ಳುತ್ತೇನೆ ಎಂದರು. ಹೊರಡುವಾಗ ನನ್ನ ಗಂಡನನ್ನು ಕೇಳಿದರು:

"ಅವನ ಕೈ ಎರಡು ಕಡೆ ಮುರದೈತ್ರಿ ಸರ. ಹೆಂಗ ಮುರೀತು?"

"ಓಡೂ ಮುಂದ ಪಾವಟಿಗಿ ಮ್ಯಾಲಿಂದ ಬಿದ್ದಾನ್ರಿ" ಎಂದರು ನನ್ನ ಗಂಡ.

ಅದು ಸುಳ್ಳಲ್ಲ. ಅವನು ಬಿದ್ದದ್ದು ನಿಜ. ಸಬ್ ಇನ್ಸ್‌ಪೆಕ್ಟರ್ ಒಂದು ಗಳಿಗೆ ಅವರ ಮುಖ ನೋಡಿ, "ನಾಳೆ ಮಾತಾಡೋಣ್ರಿ" ಎಂದು ಹೋದರು.

ಸಂಜೆ ಮನೆಯಲ್ಲಿ ಜಾತ್ರೆಯಂತೆ ಜನ. ಹೆಂಗಸರು ಅತ್ತೆಯ ಗಲ್ಲ ಮುಟ್ಟಿ ನೆಟಿಗೆ ಮುರಿದರು. ಗಂಡಸರು ನನ್ನ ಗಂಡನ ಬೆನ್ನು ತಟ್ಟಿದರು. ಎಲ್ಲರೂ ಹೋದ ಮೇಲೆ ಎದುರು ಮನೆಯ ನಿವೃತ್ತ ವಕೀಲರು ಉಳಿದರು. ನಮಗೆ ಒಳ್ಳೆಯದನ್ನೇ ಬಯಸುವ ಹಿರಿಯರು. ಅವರಿಗೆ ನಡೆದದ್ದನ್ನೆಲ್ಲ ಹೇಳಿದೆವು. ಕಣ್ಣು ಮುಚ್ಚಿ ಕೇಳಿದ ಅವರು ನಿಧಾನವಾಗಿ ಬಿಡಿಸಿ ಹೇಳಿದರು.

"ಕಾಯ್ದೆ ಹೊಸಾದ ಬಂದೈತಿ, ಕಲಮಿನ ನಂಬರು ಬದಲಾಗ್ಯಾವ. ಮಾತು ಹಳೇದ. ಕೊರಳಿಗೆ ಚಾಕು ಹಿಡದವನನ್ನ ನಿಮ್ಮ ಅತ್ತಿಯವರು ಹೊಡದದ್ದು ಅವರ ಹಕ್ಕು. ಆ ಏಟಿಗೆ ಅಂವ ಸತ್ತಿದ್ರೂ ಕಾಯ್ದೆ ಅವರ ಬೆನ್ನಿಗೇ ನಿಂದರತಿತ್ತು. ಯಾಕಂದ್ರ ಜೀವದ ಅಂಜಿಕಿ ಇತ್ತು. ಅಂಜಿಕಿ ಇರೂ ತನಕ ಹಕ್ಕು ಇರತೈತಿ."

"ಮತ್ತ ನಂದು?" ನನ್ನ ಗಂಡ ಕೇಳಿದರು.

"ನಿಂದು ಮೊದಲನೇ ಏಟಿಗೆ ಯಾರೂ ಏನೂ ಅನ್ನೂದಿಲ್ಲ. ಅಂವ ಎದ್ದು ಏನ ಮಾಡತಾನ ಅಂತ ನಿನಗ ಗೊತ್ತಿರಲಿಲ್ಲ. ಕೈ ಎತ್ತಿ ಬ್ಯಾಡ್ರಿ ಅಂದ ಮ್ಯಾಲ ಹೊಡದಿ ನೋಡು, ಅದನ್ನ ಕೇಳತಾರ."

"ಅವ್ವನ ರಕ್ತ ನೋಡಿ ಮಗಾ ಸುಮ್ಮನ ನಿಂದರಬೇಕಿತ್ತೇನ್ರಿ?"

"ನಿಂದರಬೇಕಿತ್ತು ಅಂತ ನಾ ಹೇಳಾಕತ್ತಿಲ್ಲ. ನಾನಾದ್ರೂ ಹೊಡೀತಿದ್ದೆ. ಹಂಗಾದ್ರೂ ಅದು ತಪ್ಪೇ ಆಗತಿತ್ತು." ವಕೀಲರು ಎದ್ದು ಚಪ್ಪಲಿ ಮೆಟ್ಟುತ್ತ ದನಿ ತಗ್ಗಿಸಿದರು. "ಕಂಪೌಂಡಿನ ಒಳಗ ನಡದೈತಿ. ಕಂಡವರು ನೀವು ಮೂರು ಮಂದಿ. ಬಿದ್ದು ಮುರಕೊಂಡಾನ ಅಂತ ಹೇಳ್ರಿ, ಮುಗೀತು. ಕಳ್ಳನ ಮಾತು ಯಾರ ಕೇಳತಾರ?"

ನನಗೂ ಅದೇ ಸರಿ ಅನ್ನಿಸಿತು. ಕೇಸಾದರೆ ನೌಕರಿ ಏನಾಗುತ್ತದೋ ಎಂಬ ಚಿಂತೆ. ಅದಕ್ಕಿಂತ ಹೆಚ್ಚಾಗಿ, ಕುತ್ತಿಗೆಗೆ ಚಾಕು ಹಿಡಿದವನಿಗೋಸ್ಕರ ನಮ್ಮ ಮನೆಯವರು ಯಾಕೆ ಕಟಕಟೆ ಹತ್ತಬೇಕು ಎಂಬ ಸಿಟ್ಟು.

ಅತ್ತೆ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬ್ಯಾಂಡೇಜಿನ ಕೈಯಲ್ಲೇ ಲಿಂಗಪೂಜೆ ಮುಗಿಸಿದರು. ಪೂಜೆಯಾದ ಮೇಲೆ ಮಗನನ್ನು ಹತ್ತಿರ ಕರೆದು ಕೂರಿಸಿಕೊಂಡರು. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ.

"ನಾ ಹೊಡದಾಗ ನನಗ ಅಂಜಿಕಿ ಇತ್ತು" ಎಂದರು ಅತ್ತೆ. "ನೀ ಹೊಡದಾಗ ನಿನಗ ಏನಿತ್ತು?"

"ಮೊದಲಿಗೆ ಅಂಜಿಕೀನ ಇತ್ತವ್ವಾ. ಆಮ್ಯಾಲ..." ಎಂದ ನನ್ನ ಗಂಡ ಅಲ್ಲಿಗೇ ನಿಲ್ಲಿಸಿದರು.

"ನನ್ನ ಸಲುವಾಗಿ ಹೊಡದಿ. ಅದು ನನಗ ತಿಳೀತೈತಿ. ಆದ್ರ ನಾಳೆ ಆ ಪೊಲೀಸ್ ಹುಡುಗಿ ಬಂದು ನನ್ನ ಕೇಳತಾಳ. ನಾ ಕಂಡದ್ದನ್ನ ಹೇಳತೇನಿ. ಬ್ಯಾರೆ ಹೇಳಾಕ ನನಗ ಬರೂದಿಲ್ಲ. ನೀ ನನಗಿಂತ ಮೊದಲ ಹೇಳಿದ್ರ ನನಗ ಹಗುರಾಗತೈತಿ, ನೋಡು."

ಅಷ್ಟೇ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಊಟಕ್ಕೆ ಮಧ್ಯಾಹ್ನದ ರೊಟ್ಟಿಯೇನೂ ಉಳಿದಿರಲಿಲ್ಲ, ನಾನು ಅನ್ನಕ್ಕಿಟ್ಟೆ. ಮೂವರೂ ಉಂಡೆವು. ನನಗೆ ಅತ್ತೆಯ ಮೇಲೆ ಕೋಪ ಬಂದಿತ್ತು. ತಾಯಿಯಾಗಿ ಇಷ್ಟಾದರೂ ಮಗನಿಗಾಗಿ ಮಾಡಬಾರದೇ ಎಂದುಕೊಂಡೆ. ಮಗನಿಗಾಗಿ ಅವರು ಮಾಡಿದ್ದೇ ಅದು ಎಂದು ತಿಳಿಯಲು ನನಗೆ ಇನ್ನೂ ಎಷ್ಟೋ ದಿನ ಬೇಕಿದ್ದವು.

ಬೆಳಗ್ಗೆ ಸಬ್ ಇನ್ಸ್‌ಪೆಕ್ಟರ್ ಒಬ್ಬ ಪೇದೆಯೊಂದಿಗೆ ಬಂದರು. ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕುಳಿತಿರಲಿಲ್ಲ, ನನ್ನ ಗಂಡ ಮಾತು ಶುರು ಮಾಡಿದರು.

"ಮೇಡಂ, ನಿನ್ನಿ ನಾ ಅರ್ಧಾ ಹೇಳಿದ್ದೆ. ಅಂವ ಬಿದ್ದದ್ದು ಖರೆ. ಕೈ ಮುರದದ್ದು ನಾ ಹೊಡದದ್ದಕ್ಕ. ಬ್ಯಾಡ್ರಿ ಅಂತ ಅಂವ ಬೇಡ್ಕೊಳ್ಳಾಕತ್ತಿದ್ದ. ಆವಾಗೂ ಹೊಡದೆ."

ಅವರು ಪೆನ್ನು ತೆಗೆಯಲಿಲ್ಲ. "ಇದನ್ನ ಬರಕೊಂಡ್ರ ನಿಮ್ಮ ಮ್ಯಾಲೂ ಕೇಸ್ ಆಗತೈತ್ರಿ ಸರ. ವಿಚಾರ ಮಾಡಿ ಹೇಳಾಕತ್ತೀರಿಲ್ಲೋ?"

"ಹೌದ್ರಿ. ನಮ್ಮ ಅವ್ವ ನಿಮ್ಮ ಮುಂದ ಕುಂತು ಇದನ್ನ ಹೇಳೂದನ್ನ ನನಗ ನೋಡಾಕ ಆಗೂದಿಲ್ರಿ."

ಸಬ್ ಇನ್ಸ್‌ಪೆಕ್ಟರ್ ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಚಹಾ ಮಾಡ್ಲೇನವಾ?" ಎಂದರು.

ಆಮೇಲಿನ ತಿಂಗಳುಗಳು ಸುಲಭದವಾಗಿರಲಿಲ್ಲ. ದರೋಡೆ ಮತ್ತು ಚಾಕುವಿನ ಗಾಯಕ್ಕಾಗಿ ಆ ತರುಣನ ಮೇಲೆ ಒಂದು ಪ್ರಕರಣವಾದರೆ, ತೀವ್ರ ಗಾಯ ಮಾಡಿದ್ದಕ್ಕಾಗಿ ನನ್ನ ಗಂಡನ ಮೇಲೆ ಇನ್ನೊಂದಾಯಿತು. ಇವರಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ಎದುರು ಮನೆಯ ವಕೀಲರು ನಮ್ಮ ಮೇಲೆ ಬೇಸರ ಮಾಡಿಕೊಳ್ಳದೆ, "ಹುಚ್ಚಪ್ಪಾ, ಹುಚ್ಚಪ್ಪಾ" ಎನ್ನುತ್ತಲೇ ತಮ್ಮ ಶಿಷ್ಯರೊಬ್ಬರನ್ನು ಕೇಸಿಗೆ ಗೊತ್ತು ಮಾಡಿಕೊಟ್ಟರು. ತಾಯಿಯ ರಕ್ತ ಕಂಡು ತಟ್ಟನೆ ಉದ್ರೇಕಗೊಂಡು ಮಾಡಿದ್ದೆಂಬುದನ್ನೂ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತದೆ, ತಪ್ಪು ಹೋಗುವುದಿಲ್ಲ, ಹಗುರಾಗುತ್ತದೆ ಎಂದು ಧೈರ್ಯ ಹೇಳಿದರು. ಶಾಲೆಯವರು ಕೆಲವು ವಾರ ಬರಬೇಡಿ ಎಂದರು. ಓಣಿಯಲ್ಲಿ ಕೆಲವರು ಎದುರಾದರೆ ಮಾತಾಡಿಸುವುದನ್ನು ಬಿಟ್ಟರು. ಕಳ್ಳನ ಪರ ನಿಂತವರು ಎಂದು ಅವರಿಗೆ ಅನ್ನಿಸಿತ್ತು.

ಅತ್ತೆಗೆ ಮಾತ್ರ ಎಲ್ಲ ಕಡೆಯಿಂದ ಕರೆ. ಮಹಿಳಾ ಮಂಡಳದವರು ಶಾಲು ಹೊದಿಸಿ, ಹಾರ ಹಾಕಿ, ನಾಲ್ಕು ಮಾತಾಡಿರೆಂದು ಮೈಕು ಕೊಟ್ಟರು. ಅತ್ತೆ ಮೈಕನ್ನು ಆಚೆ ಸರಿಸಿ, "ಹಿಟ್ಟಿತ್ತು, ಒಗದೆ. ನೀವೆಲ್ಲಾ ಬಾಗಲಾ ಹಾಕ್ಕೊಂಡು ಕೂಡ್ರಿ" ಎಂದು ಕುಳಿತರು. ಮನೆಗೆ ಬಂದ ಮೇಲೆ ಶಾಲನ್ನು ನನ್ನ ಕೈಗಿತ್ತರು. ಧೈರ್ಯಕ್ಕೆ ಶಾಲು ಕೊಟ್ಟವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅತ್ತೆ ರೊಟ್ಟಿಗೆ ಕೂರುವುದನ್ನೇ ಬಿಟ್ಟಿದ್ದರು. ಬಾಗಿಲಿಗೆ ಬೆನ್ನು ಮಾಡಿದರೆ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದರು. ಕಡೆಗೆ ಒಂದು ಮುಂಜಾನೆ ಮಾಳಿಗೆಯ ಹುಡುಗಿಯರು ಕೆಳಗಿಳಿದು ಬಂದು, "ಅಜ್ಜಿ, ನಮಗ ರೊಟ್ಟಿ ಬಡ್ಯಾಕ ಕಲಿಸ್ರಿ" ಎಂದು ಸುತ್ತ ಕುಳಿತರು. ಅವರಿಗೆ ಕಲಿಯುವ ಆಸೆ ಎಷ್ಟಿತ್ತೋ ನನಗೆ ತಿಳಿಯದು. ಒಬ್ಬಳಂತೂ ದಿನವೂ ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಿದ್ದಳು.

ನನ್ನ ಗಂಡ ಶಾಲೆಗೆ ಮರಳಿದ ದಿನ ಒಂಬತ್ತನೇ ತರಗತಿಯವರು ಚಪ್ಪಾಳೆ ಹೊಡೆದರಂತೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸರ, ಕಳ್ಳನಿಗೆ ಎಷ್ಟು ಏಟು ಕೊಟ್ರಿ?" ಎಂದು ಕೇಳಿದ.

"ಮೊದಲನೇದು ಸಾಕಿತ್ತು" ಎಂದರಂತೆ ಇವರು. ಆಮೇಲೆ ಬೋರ್ಡಿನ ಕಡೆ ತಿರುಗಿ ಪಾಠ ಶುರು ಮಾಡಿದರಂತೆ. ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಸ್ವಲ್ಪ ಬೆಳಕು ಕಂಡೆ.

ಇಷ್ಟರಲ್ಲಿ ನನ್ನ ಆಸ್ಪತ್ರೆಯಲ್ಲಿ ನಾನು ಎಣಿಸಿರದ ಒಂದು ಘಟನೆ ನಡೆಯಿತು. ಆ ತರುಣನ ಕೈಗೆ ಶಸ್ತ್ರಚಿಕಿತ್ಸೆಯಾಗಿ ಎಲುಬು ಕೂಡಿದ್ದವು, ಆದರೆ ಮೊಣಕೈ ಗಟ್ಟಿಯಾಗಿಬಿಟ್ಟಿತ್ತು. ಜೈಲಿನಿಂದ ಪೊಲೀಸರು ಅವನನ್ನು ವ್ಯಾಯಾಮಕ್ಕಾಗಿ ನಮ್ಮ ವಿಭಾಗಕ್ಕೇ ಕರೆತಂದರು. ನನ್ನನ್ನು ಕಂಡವನೇ ಬಾಗಿಲಲ್ಲೇ ನಿಂತ. ನಾನು ನೇರ ನಮ್ಮ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು, "ಬೇರೆಯವರಿಗೆ ಕೊಡ್ತೀನಿ, ನೀವು ಚಿಂತಿ ಮಾಡಬ್ಯಾಡ್ರಿ" ಎಂದರು. ಅದು ಸುಲಭದ ದಾರಿ. ಆದರೆ ಅಂತಹ ಮೊಣಕೈಗಳನ್ನು ವಿಭಾಗದಲ್ಲಿ ಹೆಚ್ಚಾಗಿ ನೋಡುವವಳು ನಾನೇ. ಅವನು ಒಪ್ಪಿದರೆ ನಾನೇ ಮಾಡುತ್ತೇನೆ ಎಂದೆ. ಮುಖ್ಯಸ್ಥರು ಠಾಣೆಗೂ ಎರಡೂ ಕಡೆಯ ವಕೀಲರಿಗೂ ತಿಳಿಸಿ, ಒಂದು ಕಟ್ಟುಪಾಡು ಹಾಕಿದರು: ಕೇಸಿನ ಬಗ್ಗೆ ಒಂದಕ್ಷರ ಮಾತು ಕೂಡದು.

ನಾನು ಹೊರಗೆ ಬಂದು ಕೇಳಿದೆ. "ನಿಮಗ ಬ್ಯಾರೆಯವರು ಬೇಕಂದ್ರ ಹೇಳ್ರಿ, ಸಂಕೋಚ ಬ್ಯಾಡ."

ಅವನು ಪಕ್ಕದ ಪೇದೆಯ ಮುಖ ನೋಡಿ, ನೆಲ ನೋಡಿ, "ನೀವ ಮಾಡ್ರಿ" ಎಂದ.

ಮೊಣಕೈ ಹಟಮಾರಿ ಕೀಲು. ಜೋರು ಮಾಡಿದರೆ ಇನ್ನಷ್ಟು ಬಿಗಿಯುತ್ತದೆ. ಅಂಜಿ ಬಿಟ್ಟರೆ ಹಾಗೇ ಕೂತುಬಿಡುತ್ತದೆ. ನೋವು ಶುರುವಾಗುವ ಜಾಗಕ್ಕೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಮರಳಬೇಕು. ವಾರಗಟ್ಟಲೆ ನಮ್ಮ ನಡುವೆ ಇದ್ದದ್ದು ಮೂರೇ ಮಾತು: ಬಗ್ಗಿಸ್ರಿ, ಚಾಚ್ರಿ, ಸಾಕು. ಮೊದಮೊದಲು ಅವನ ಕೈ ಹಿಡಿದಾಗ ಎರಡು ಯೋಚನೆ ಒಟ್ಟಿಗೇ ಬರುತ್ತಿದ್ದವು. ಅತ್ತೆಯ ಕುತ್ತಿಗೆಗೆ ಚಾಕು ಹಿಡಿದ ಕೈ ಇದು ಎಂದು ಒಂದು ಕಡೆ. ಮನೆಯ ಅಂಗಳದಲ್ಲಿ ಮುರಿದ ಕೈ ಇದು ಎಂದು ಇನ್ನೊಂದು ಕಡೆ. ದಿನ ಕಳೆದಂತೆ ಅದು ಬರೀ ಒಂದು ಮೊಣಕೈಯಾಯಿತು. ಒಮ್ಮೆ ಅವನೇ ಮಾತಾಡಿದ. "ಟೈಲ್ಸ್ ಕೂಡಸೂದು ಎಡಗೈಲೆ ಆಗೂದಿಲ್ರಿ. ಬಲಗೈಗೇ ಅದರ ಸಮಾ ತಿಳೀತೈತಿ." ಅದು ಕೇಸಿನ ಮಾತಲ್ಲವೆಂದು ನಾನೂ ಉತ್ತರ ಕೊಟ್ಟೆ. "ತಿಳೀತೈತಿ. ಮತ್ತ ತಿಳಿಯೂಹಂಗ ಮಾಡೋಣು."

ರೋಗಿಯ ವಿಷಯ ಮನೆಯಲ್ಲಿ ಹೇಳುವಂತಿರಲಿಲ್ಲ, ನಾನು ಹೇಳುತ್ತಲೂ ಇರಲಿಲ್ಲ. ವಕೀಲರಿಂದ ವಿಷಯ ತಿಳಿದಿದ್ದ ನನ್ನ ಗಂಡನೂ ಕೇಳುತ್ತಿರಲಿಲ್ಲ. ಆದರೆ ಬಸ್ಸಿಳಿದು ಮನೆಗೆ ಬಂದ ಸಂಜೆಗಳಲ್ಲಿ ಅವರು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಿಗೆ ನೋಡುತ್ತಿದ್ದರು. ಒಂದು ದಿನ ಅಡುಗೆಮನೆಯಲ್ಲಿ ನಾನು ಹಾಡು ಗುನುಗುತ್ತಿದ್ದುದನ್ನು ಕೇಳಿ, ಏನನ್ನೂ ಕೇಳದೆ, ಎರಡು ಲೋಟ ಚಹಾ ತಾವೇ ಮಾಡಿ ತಂದರು.

ಕೋರ್ಟಿನಲ್ಲಿ ಆ ತರುಣ ತಪ್ಪೊಪ್ಪಿಕೊಂಡ. ಅವನಿಗೆ ವರ್ಷಗಳ ಶಿಕ್ಷೆಯಾಯಿತು. ಚಾಕು ಹಿಡಿದು ಮಾಡಿದ ದರೋಡೆಗೆ ಕಾಯ್ದೆ ಕರುಣೆಗೆ ಹೆಚ್ಚು ಜಾಗ ಬಿಟ್ಟಿಲ್ಲ. ಯಾಕೆ ಮಾಡಿದೆ ಎಂದು ನ್ಯಾಯಾಧೀಶರು ಕೇಳಿದಾಗ, ಬಡತನವೆಂದಾಗಲಿ ಕಷ್ಟವೆಂದಾಗಲಿ ಹೇಳಲಿಲ್ಲ. "ಸುಲಭ ಅನ್ನಿಸಿತ್ರಿ" ಎಂದ. ನನ್ನ ಗಂಡನ ಕೇಸು ಬೇರೆ ಕೋರ್ಟಿನಲ್ಲಿ, ಬೇರೆ ದಿನ. ಗಾಯಗೊಂಡವನು ಒಪ್ಪಿದರೆ, ನ್ಯಾಯಾಲಯವೂ ಅನುಮತಿ ಕೊಟ್ಟರೆ ಅಂತಹ ಪ್ರಕರಣವನ್ನು ರಾಜಿಯಲ್ಲಿ ಮುಗಿಸಬಹುದು ಎಂದು ನಮ್ಮ ವಕೀಲರು ಮೊದಲೇ ಹೇಳಿದ್ದರು. ಆದರೆ ಅವನು ಒಪ್ಪಬೇಕಲ್ಲ! ಅವನನ್ನು ಕೇಳುವುದಕ್ಕೆ ನನ್ನ ಗಂಡನಿಗೆ ಮನಸ್ಸಿರಲಿಲ್ಲ. "ಆಗೂ ಶಿಕ್ಷೆ ಆಗಲಿ" ಎನ್ನುತ್ತಿದ್ದರು. ಕಡೆಗೆ ಅವನ ವಕೀಲರ ಕಡೆಯಿಂದಲೇ ಮಾತು ಬಂತು.

ನ್ಯಾಯಾಧೀಶರು ಅವನನ್ನು ಮುಂದೆ ಕರೆದು, "ಯಾರಾದರೂ ಒತ್ತಾಯ ಮಾಡಿದ್ದಾರಾ?" ಎಂದು ಕೇಳಿದರು.

"ಇಲ್ರಿ. ಮಾಸ್ತರು ಪೊಲೀಸರ ಮುಂದ ತಾವಾಗೇ ಒಪ್ಕೊಂಡಾರಂತ ಕೇಳಿದ್ನಿ. ಹೊರಗಿನವರು ಯಾರೂ ಕಂಡಿರಲಿಲ್ರಿ. ನಾ ಹೇಳಿದ್ರ ಯಾರೂ ನಂಬತಿರಲಿಲ್ಲ. ಅವರು ಹೇಳಿದ್ರು. ಅದಕ್ಕ ನಾನೂ ನನ್ನದನ್ನ ಒಪ್ಕೊಂಡೆ. ಇನ್ನ ಸಾಕ್ರಿ."

ಅನುಮತಿ ಸಿಕ್ಕಿತು. ಹೊರಗೆ ಕಾರಿಡಾರಿನಲ್ಲಿ, ಪೇದೆಗಳು ಅವನನ್ನು ವ್ಯಾನಿಗೆ ಒಯ್ಯುವ ಮೊದಲು, ನನ್ನ ಗಂಡ ಅವನ ಎದುರು ಹೋಗಿ ನಿಂತರು. "ತಪ್ಪಾತಪಾ" ಎಂದರು, ಅಷ್ಟೆ. ಅಂಗಳದಲ್ಲಿ ಅಂದು ಅವನಾಡಿದ್ದೂ ಅದೇ ಮಾತೆಂದು ಅವರಿಗೆ ನೆನಪಿತ್ತೋ ಇಲ್ಲವೋ. ಅವನು ತಲೆಯಾಡಿಸಿ, ಅತ್ತೆಯ ಕಡೆ ತಿರುಗಿದ.

"ಅಮ್ಮಾರ, ಕೈ ಮಾಯ್ತೇನ್ರಿ?"

ಅತ್ತೆ ಸೆರಗು ಸರಿಸಿ ಮುಂಗೈ ತೋರಿಸಿದರು. "ಮಾಯ್ತು. ಚಳಿಗಾಲಕ್ಕ ಸ್ವಲ್ಪ ಜಗ್ಗತೈತಿ. ನಿಂದು?"

ಅವನು ಬಲಗೈಯನ್ನು ಮುಂದೆ ಚಾಚಿದ. ಪೂರ್ತಿ ನೆಟ್ಟಗಾಗಿರಲಿಲ್ಲ. ನೆಟ್ಟಗಾಗಲು ಎಷ್ಟು ಉಳಿದಿದೆಯೆಂದು ನನಗೆ ಗೊತ್ತಿತ್ತು. ನನ್ನ ಗಂಡ ಆ ಕೈಯನ್ನೇ ನೋಡುತ್ತ ನಿಂತರು.

ಇದಾಗಿ ಈಗ ವರ್ಷವಾಗುತ್ತ ಬಂತು. ಮೊನ್ನೆ ಆ ಸಬ್ ಇನ್ಸ್‌ಪೆಕ್ಟರ್ ಪೇಟೆಯಲ್ಲಿ ಸಿಕ್ಕಿದ್ದರು. ಬೇರೆ ಊರಿಗೆ ವರ್ಗವಾಗಿದೆಯಂತೆ. ಮಾತಿನ ನಡುವೆ, ಜೈಲಿನ ಹೊಸ ಅಡುಗೆಮನೆಗೆ ಅವನೇ ಟೈಲ್ಸ್ ಕೂಡಿಸುತ್ತಿದ್ದಾನೆ, ಇನ್ನಿಬ್ಬರಿಗೆ ಕೆಲಸ ಕಲಿಸುತ್ತಿದ್ದಾನೆ ಎಂದು ಹೇಳಿದರು. ನಾನು ಮನೆಗೆ ಬಂದು ಅದನ್ನು ಹೇಳಿದಾಗ ನನ್ನ ಗಂಡ ಎರಡೆರಡು ಸಲ ಕೇಳಿದರು. "ಬಲಗೈಲೇನು? ಖರೇ?"

ಅತ್ತೆಯನ್ನು ನಾನು ಕೇಳಿದೆ. "ಅತ್ತೀ, ಅವನಿಗೆ ಕ್ಷಮಾ ಮಾಡೀರೇನು?"

"ಕ್ಷಮಾ ಗಿಮಾ ನನಗ ಗೊತ್ತಾಗೂದಿಲ್ಲವಾ" ಎಂದರು ಅತ್ತೆ. "ಹೊರಗ ಬಂದ ಮ್ಯಾಲ ನಾಕು ಮನಿಗೆ ಛಲೋತ್ನಾಗಿ ಟೈಲ್ಸ್ ಹಾಕ್ಲಿ, ಮಾಡಿ ಉಣ್ಣಲಿ."

"ನಮ್ಮ ಬಚ್ಚಲಾನೂ ಒಡದೈತಿ. ಕರಿಯೋಣೇನು?" ಎಂದು ನನ್ನ ಗಂಡ ತಮಾಷೆ ಮಾಡಿದರು.

"ನಮ್ಮ ಮನಿಗೆ ಬ್ಯಾಡಪಾ! ನಾ ಏನ ಹುಚ್ಚಿ ಏನು?" ಎಂದು ಅತ್ತೆ ಗದರಿಸಿದರು. ಆಮೇಲೆ ತಾವೇ ಗಟ್ಟಿಯಾಗಿ ನಕ್ಕರು. ಆ ನಗು ಕೇಳಿ ಮಾಳಿಗೆಯಿಂದ ಹುಡುಗಿಯೊಬ್ಬಳು ಇಣುಕಿ, "ಏನಾತ್ರಿ ಅಜ್ಜಿ?" ಎಂದು ಕೂಗಿ ಕೇಳಿದಳು. "ಏನಿಲ್ಲ, ಕೆಳಗ ಬರ್ರಿ, ಚಹಾ ಇಡತೇನಿ" ಎಂದು ಅತ್ತೆ ಎದ್ದರು.